ರಾತ್ರಿಯ ಕುಡಿತ, ಬೆಳಗಿನ ಮುಳುಗು

ದ್ರಾಕ್ಷಿ ಕಟಾವು ಮುಗಿದು, ಶೆಡ್ಡಿನಲ್ಲಿ ಒಣಗಿದ ಮಾಲು ಕೋಲ್ಡ್ ಸ್ಟೋರೇಜ್ ಸೇರಿ, ಏಪ್ರಿಲ್ ಚಾಟ್ನಿಯ, ಅಂದರೆ ಬಳ್ಳಿ ಸವರುವ, ಗಡಿಬಿಡಿಯೂ ಒಂದು ಹಂತಕ್ಕೆ ಬಂದ ಮೇಲೆ ತಿಕೋಟಾ, ಬಬಲೇಶ್ವರ ಭಾಗದ ಹುಡುಗರಿಗೆ ನಾಲ್ಕು ದಿನ ಬಿಡುವು. ಹಿಂದೆಲ್ಲ ಆ ಬಿಡುವಿಗೆ ಗೋವಾ, ಇಲ್ಲವೆಂದರೆ ಮಹಾಬಳೇಶ್ವರ. ಈಚಿನ ವರ್ಷಗಳಲ್ಲಿ ಮುರ್ಡೇಶ್ವರವೂ ಆ ಸಾಲಿಗೆ ಸೇರಿದೆ. ದೇವಸ್ಥಾನ ನೋಡುವುದು ಇದ್ದೇ ಇದೆ, ಆದರೆ ಮನಸ್ಸೆಲ್ಲ ದಂಡೆಯಿಂದ ಸುಮಾರು 19 ಕಿಲೋಮೀಟರ್ ಆಚೆಗಿರುವ ನೇತ್ರಾಣಿ ದ್ವೀಪದ ಮೇಲೆ. 2022ರ ಅಕ್ಟೋಬರಿನಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿನ ನೀರಿಗಿಳಿದದ್ದನ್ನು ಕಂಡವರಿಗೆ ಸ್ಕೂಬಾ ಡೈವಿಂಗ್ ಪರದೇಶದ ಆಟವಾಗಿ ಉಳಿಯಲಿಲ್ಲ. ನಮ್ಮದೇ ಸಮುದ್ರ, ನಮ್ಮದೇ ಮೀನು, ನಾವೂ ಒಮ್ಮೆ ಇಳಿದು ನೋಡಬಹುದು ಎಂಬ ಧೈರ್ಯ ಬಂತು.

ವಿಜಯಪುರದಿಂದ ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಹಾಯ್ದು ಮುರ್ಡೇಶ್ವರ ಮುಟ್ಟಲು ಸುಮಾರು 400 ಕಿಲೋಮೀಟರ್. ಸಂಜೆಗೆ ತಲುಪುತ್ತಾರೆ, ರಾತ್ರಿ ಗೆಳೆಯರೆಲ್ಲ ಕೂಡುತ್ತಾರೆ, ಬೆಳಿಗ್ಗೆ ದೋಣಿ. ನಡುವಿನ ಆ ರಾತ್ರಿಯಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ: “ಸ್ವಲ್ಪ ತೊಗೊಂಡ್ರ ನಡಿತೈತೇನ್ರಿ?” ಡೈವಿಂಗ್ ಕಲಿಸುವವರು ಬೇಡ ಎನ್ನುತ್ತಾರೆ. ಯಾಕೆ ಬೇಡ ಎಂದು ಕೇಳಿದರೆ ಸಿಗುವ ಉತ್ತರ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಕುಡಿದರೆ ಮೈಯ ನೀರು ಇಂಗುತ್ತದೆ, ರಕ್ತ ಗಟ್ಟಿಯಾಗುತ್ತದೆ, ಮೇಲೆ ಬರುವಾಗ ರಕ್ತದಲ್ಲಿ ಗುಳ್ಳೆ ಏಳುತ್ತವೆ, ‘ಬೆಂಡ್ಸ್’ ಆಗುತ್ತದೆ. ವೈದ್ಯರು ಡಿಕಂಪ್ರೆಶನ್ ಸಿಕ್‌ನೆಸ್ ಎನ್ನುವುದು ಇದಕ್ಕೇ. ಈ ಉತ್ತರದಲ್ಲಿ ಎಷ್ಟು ನಿಜ, ಎಷ್ಟು ಊಹೆ ಎಂದು ಬಿಡಿಸಿ ನೋಡುವುದು ಅಗತ್ಯ. ಬೇಡ ಎಂಬ ಮಾತು ಸರಿಯಾದದ್ದೇ, ಆದರೆ ಅದಕ್ಕೆ ಕೊಡುವ ಕಾರಣ ಪೂರ್ತಿ ಸರಿಯಿಲ್ಲ. ಕಾರಣ ತಪ್ಪಾಗಿ ತಿಳಿದವನು ನಿಯಮವನ್ನು ಮುರಿಯುವುದೂ ತಪ್ಪು ಜಾಗದಲ್ಲೇ. ಎರಡು ಲೀಟರ್ ನೀರು ಕುಡಿದೆ, ಇನ್ನೇನು ಭಯ ಎಂದುಕೊಂಡು ದೋಣಿ ಹತ್ತುತ್ತಾನೆ.

ಮೊದಲು ಗುಳ್ಳೆಯ ಸಂಗತಿ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ನೆಲದ ಮೇಲೆ ಅದರಿಂದ ಉಪಯೋಗವೂ ಇಲ್ಲ, ಉಪದ್ರವವೂ ಇಲ್ಲ. ಸಮುದ್ರದಲ್ಲಿ ಪ್ರತಿ 10 ಮೀಟರ್ ಕೆಳಗಿಳಿದಂತೆ ಮೈಮೇಲಿನ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. ಸಿಲಿಂಡರಿನಿಂದ ಬರುವ ಗಾಳಿಯೂ ಅದೇ ಒತ್ತಡದಲ್ಲಿ ಬರುವುದರಿಂದ ಸಾರಜನಕ ರಕ್ತಕ್ಕೂ ಕೊಬ್ಬಿಗೂ ನರಗಳಿಗೂ ಹೆಚ್ಚೆಚ್ಚು ಕರಗಿ ಸೇರುತ್ತದೆ. ಎಷ್ಟು ಆಳ, ಎಷ್ಟು ಹೊತ್ತು ಎಂಬುದರ ಮೇಲೆ ಅದರ ಪ್ರಮಾಣ. ನಿಧಾನವಾಗಿ ಮೇಲೆ ಬಂದರೆ ಕರಗಿದ್ದು ರಕ್ತದ ಮೂಲಕ ಶ್ವಾಸಕೋಶಕ್ಕೆ ಬಂದು ಉಸಿರಿನಲ್ಲಿ ಹೊರಗೆ ಹೋಗುತ್ತದೆ. ಗಡಿಬಿಡಿಯಲ್ಲಿ ಬಂದರೆ ಹೊರಹೋಗಲು ಹೊತ್ತು ಸಾಲದೆ ಇದ್ದಲ್ಲೇ ಗುಳ್ಳೆಯಾಗುತ್ತದೆ. ಕೀಲಿನಲ್ಲಾದರೆ ನೋವು, ಚರ್ಮದಲ್ಲಾದರೆ ತುರಿಕೆ, ಕಲೆ. ಒಳಕಿವಿಯಲ್ಲಾದರೆ ತಲೆಸುತ್ತು, ವಾಂತಿ. ಬೆನ್ನುಹುರಿಯಲ್ಲಾದರೆ ಕಾಲು ಜೋಮು ಹಿಡಿದು, ಮೂತ್ರ ಕಟ್ಟಿ, ಕೆಲವೊಮ್ಮೆ ಮತ್ತೆ ಏಳದಂತೆ ಆಗಬಹುದು.

ಈ ಕಾಯಿಲೆ ಮೊದಲು ಕಂಡದ್ದು ಮೋಜಿಗೆ ಮುಳುಗಿದವರಲ್ಲಲ್ಲ, ಹೊಟ್ಟೆಪಾಡಿಗೆ ಇಳಿದ ಕೂಲಿಗಳಲ್ಲಿ. ನದಿಯಲ್ಲಿ ಸೇತುವೆಯ ಕಂಬ ಊರಲು ದೊಡ್ಡ ಪೆಟ್ಟಿಗೆಯನ್ನು ಬೋರಲು ಹಾಕಿ, ಒಳಕ್ಕೆ ಒತ್ತಡದ ಗಾಳಿ ತುಂಬಿ, ನೀರನ್ನು ಹೊರಗೆ ತಡೆದು, ಕೆಳಗೆ ಮಣ್ಣು ಅಗೆಯುವ ಪದ್ಧತಿ 19ನೇ ಶತಮಾನದಲ್ಲಿ ಬಂತು. ಅದಕ್ಕೆ ಕೇಸನ್ ಎನ್ನುತ್ತಾರೆ. ಪಾಳಿ ಮುಗಿಸಿ ಮೇಲೆ ಬಂದ ಕೂಲಿಗಳು ಕೀಲು ನೋವಿನಿಂದ ಬಾಗಿ ನಡೆಯುತ್ತಿದ್ದರು, ಕೆಲವರು ಸತ್ತರು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಈಡ್ಸ್ ಸೇತುವೆ ಕಟ್ಟುವಾಗ ಹತ್ತಕ್ಕೂ ಹೆಚ್ಚು ಜನ ಹೀಗೆ ತೀರಿಕೊಂಡರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದೇ ಕಾಯಿಲೆಗೆ ಸಿಕ್ಕಿ ಹಾಸಿಗೆ ಹಿಡಿದರು. ಅವರ ಹೆಂಡತಿ ಎಮಿಲಿ ದಿನವೂ ಕಾಮಗಾರಿಗೂ ಗಂಡನ ಕೋಣೆಗೂ ನಡುವೆ ಓಡಾಡಿ ಕೆಲಸ ನಡೆಸಿದರು. ನಮ್ಮಲ್ಲೇ ಹೌರಾ ಸೇತುವೆಯ ಬುನಾದಿಗೆ ಸುಮಾರು 500 ಕೆಲಸಗಾರರು ಒತ್ತಡದ ಗಾಳಿಯೊಳಗೆ ಇಳಿದಿದ್ದರು.

ಬ್ರೂಕ್ಲಿನ್‌ನಲ್ಲಿ ಕಂಪನಿಯ ವೈದ್ಯರಾಗಿದ್ದ ಆಂಡ್ರ್ಯೂ ಸ್ಮಿತ್ ಕೂಲಿಗಳಿಗಾಗಿ ಒಂದಷ್ಟು ನಿಯಮ ಬರೆದು ಹಾಕಿಸಿದ್ದರು. ಹಸಿದ ಹೊಟ್ಟೆಯಲ್ಲಿ ಇಳಿಯಬಾರದು, ಮೇಲೆ ಬಂದ ಮೊದಲ ಒಂದು ತಾಸು ದಣಿಯಬಾರದು, ಎಂಟು ತಾಸು ನಿದ್ದೆ ಮಾಡಬೇಕು. ಅವುಗಳ ನಡುವೆಯೇ ಮದ್ಯವನ್ನು ಮಿತಿಯಲ್ಲಿಡಿ, ಮುಟ್ಟದಿದ್ದರೆ ಇನ್ನೂ ಒಳ್ಳೆಯದು ಎಂಬ ಸೂಚನೆಯೂ ಇತ್ತು. ಮದ್ಯಕ್ಕೂ ಈ ಕಾಯಿಲೆಗೂ ನಂಟು ಕಟ್ಟಿದ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಗುಳ್ಳೆಯೇ ಕಾರಣವೆಂದು ಫ್ರಾನ್ಸಿನ ಪಾಲ್ ಬೆರ್ 1878ರಲ್ಲಿ ತೋರಿಸಿಕೊಡುವ ಮೊದಲೇ, 1870ರ ದಶಕದ ಶುರುವಿನಲ್ಲೇ ಸ್ಮಿತ್ ಇದನ್ನು ಬರೆದಿದ್ದರು. ಹಂತ ಹಂತವಾಗಿ ಮೇಲೆ ಬರುವ ಲೆಕ್ಕದ ಕೋಷ್ಟಕವನ್ನು ಜೆ. ಎಸ್. ಹಾಲ್ಡೇನ್ ಬ್ರಿಟನ್ನಿನ ನೌಕಾಪಡೆಗಾಗಿ ಆಡುಗಳ ಮೇಲೆ ಪ್ರಯೋಗ ಮಾಡಿ ಕೊಟ್ಟದ್ದು 1908ರಲ್ಲಿ. ಅಂದರೆ ರೋಗದ ಮೂಲ ಗೊತ್ತಾಗುವ ಮೊದಲೇ ಕುಡಿತದ ಮೇಲೆ ಅನುಮಾನ ಬಿದ್ದಿತ್ತು.

ಈ ಹಿನ್ನೆಲೆ ಹೇಳಲು ಕಾರಣವಿದೆ. ಸ್ಮಿತ್ ಅವರ ಸಲಹೆ ಸರಿಯಾಗಿಯೇ ಇತ್ತು. ಆದರೆ ಕೂಲಿಗಳನ್ನು ಕೊಂದದ್ದು ಕುಡಿತವಲ್ಲ, ಅವರನ್ನು ಒತ್ತಡದಿಂದ ಹೊರಗೆ ಬಿಡುತ್ತಿದ್ದ ವೇಗ. ನಿಧಾನವಾಗಿ ಒತ್ತಡ ಇಳಿಸಿದ್ದರೆ, ನೋವು ಬಂದವರನ್ನು ಮತ್ತೆ ಒತ್ತಡಕ್ಕೆ ಒಳಪಡಿಸಿದ್ದರೆ ಬಹುಪಾಲು ಜನ ಉಳಿಯುತ್ತಿದ್ದರು. ನ್ಯೂಯಾರ್ಕಿನ ಹಡ್ಸನ್ ನದಿಯ ಸುರಂಗದಲ್ಲಿ ಅರ್ನೆಸ್ಟ್ ಮೊಯಿರ್ ಎಂಬ ಎಂಜಿನಿಯರ್ 1889–90ರ ಸುಮಾರಿಗೆ ಅಂಥ ಚಿಕಿತ್ಸಾ ಕೋಣೆ ಇಟ್ಟ ಮೇಲೆ ಸಾವು ಬಹಳ ಇಳಿಯಿತು.  ನಮ್ಮ ಕಡೆ ಬಾವಿ ತೋಡುವವನೋ ಕಾಲುವೆಯಲ್ಲಿ ಗೇಟು ಬಿಡಿಸಲು ಇಳಿದವನೋ ಸತ್ತರೆ ಮೊದಲು ಕೇಳಿಬರುವ ಮಾತು “ಕುಡ್ದಿದ್ದ್ನಂತ”. ಆ ಒಂದು ಮಾತು ಬಂದರೆ ಹಗ್ಗ ಇತ್ತೇ, ಮೇಲೊಬ್ಬ ನಿಂತಿದ್ದನೇ, ಕೆಳಗೆ ಗಾಳಿ ಕೆಟ್ಟಿತ್ತೇ ಎಂಬ ಪ್ರಶ್ನೆಗಳೆಲ್ಲ ಅಲ್ಲಿಗೇ ನಿಂತುಹೋಗುತ್ತವೆ. ಕುಡಿತದ ಅಪಾಯವನ್ನು ಅಳೆಯಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೂ ಹೌದು. ಅದರ ಪಾಲು ಎಷ್ಟೋ ಅಷ್ಟನ್ನೇ ಅದರ ಮೇಲೆ ಹಾಕಬೇಕು.

ಅಳೆಯಲು ಹೊರಟರೆ ಮೊದಲು ಎದುರಾಗುವುದು ನೀರಿನ ಲೆಕ್ಕ. ನೀರನ್ನು ಹಿಡಿದಿಡುವಂತೆ ಮೂತ್ರಪಿಂಡಕ್ಕೆ ಹೇಳುವ ಹಾರ್ಮೋನನ್ನು ಮದ್ಯ ತಗ್ಗಿಸುತ್ತದೆ. 1942ರಲ್ಲಿ ಎಗಲ್ಟನ್ ಎಂಬ ಶರೀರವಿಜ್ಞಾನಿ ಕಂಡುಕೊಂಡಂತೆ, ಕುಡಿದ ಪ್ರತಿ ಒಂದು ಗ್ರಾಂ ಮದ್ಯಸಾರಕ್ಕೆ ಸುಮಾರು 10 ಮಿಲಿಲೀಟರ್ ಮೂತ್ರ ಹೆಚ್ಚಾಗಿ ಹೋಗುತ್ತದೆ. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂಡಿಯಲ್ಲಿ ಮದ್ಯಸಾರ ನೂರಕ್ಕೆ 42.8. ಒಂದು ಕ್ವಾರ್ಟರ್, ಅಂದರೆ 180 ಮಿಲಿಲೀಟರಿನಲ್ಲಿ, ಸುಮಾರು 60 ಗ್ರಾಂ. ಅಲ್ಲಿಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು ನೀರು ಮೈಯಿಂದ ಹೊರಗೆ. ಇದು ಭಾರೀ ನಷ್ಟವೇನಲ್ಲ, ಬೆಳಗಿನ ತನಕ ದೇಹ ತಾನೇ ಒಂದಷ್ಟು ಸರಿಮಾಡಿಕೊಳ್ಳುತ್ತದೆ. ಆದರೆ ಅದು ಒಂಟಿಯಾಗಿ ಬರುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಆ ಬಿಸಿಲಲ್ಲಿ ಇಡೀ ದಿನದ ಪ್ರಯಾಣ, ಕರಾವಳಿಯ ಬೆವರು, ದೋಣಿಯ ಓಲಾಟಕ್ಕೆ ಬರುವ ವಾಂತಿ ಎಲ್ಲ ಸೇರುತ್ತವೆ. ನೀರಿಗಿಳಿದ ಕೂಡಲೇ ಇನ್ನೊಂದು ಸೇರುತ್ತದೆ. ನೀರಿನ ಒತ್ತಡಕ್ಕೆ ಕೈಕಾಲಿನ ರಕ್ತ ಎದೆಯ ಕಡೆ ಸರಿಯುವುದರಿಂದ ದೇಹ ತನ್ನಲ್ಲಿ ನೀರು ಹೆಚ್ಚಾಗಿದೆ ಎಂದು ಬಗೆದು ಮೂತ್ರ ಹೆಚ್ಚಿಸುತ್ತದೆ. ಸಿಲಿಂಡರಿನ ಒಣಗಾಳಿಯೂ ಪ್ರತಿ ಉಸಿರಿನಲ್ಲಿ ಒಂದಿಷ್ಟು ತೇವ ಎಳೆದುಕೊಳ್ಳುತ್ತದೆ.

ನೀರು ಇಂಗಿದ ಮೈಯಲ್ಲಿ ಗುಳ್ಳೆಯ ಕಾಯಿಲೆ ಹೆಚ್ಚುತ್ತದೆಯೇ? ಪ್ರಾಣಿಗಳಲ್ಲಿ ಹೌದು. 2006ರಲ್ಲಿ ಫಾಲ್ಮನ್ ಮತ್ತು ಡ್ರಾಮ್ಸ್ಕಿ ಎಂಬ ಸಂಶೋಧಕರು ಹಂದಿಗಳಿಗೆ ಮೂತ್ರ ಹೆಚ್ಚಿಸುವ ಔಷಧಿ ಕೊಟ್ಟು, ದೀರ್ಘ ಕಾಲ ಒತ್ತಡದಲ್ಲಿಟ್ಟು, ಒಮ್ಮೆಗೇ ಒತ್ತಡ ಇಳಿಸಿದರು. ನೀರು ಇಂಗಿದ ಹಂದಿಗಳಲ್ಲಿ ತೀವ್ರ ಕಾಯಿಲೆಯೂ ಸಾವೂ ಹೆಚ್ಚಿದವು. ಫ್ರಾನ್ಸಿನ ಗೆಂಪ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಂಟು ಜನ ಸೇನಾ ಮುಳುಗುಗಾರರು ಮುಳುಗುವ ಮೊದಲು ಒಂದು ಲೀಟರಿಗೂ ಹೆಚ್ಚು ಲವಣ–ಸಕ್ಕರೆ ಬೆರೆತ ನೀರು ಕುಡಿದಾಗ ರಕ್ತದಲ್ಲಿ ಗುಳ್ಳೆ ಕಡಿಮೆ ಕಂಡವು. ಎರಡೂ ಒಳ್ಳೆಯ ಕೆಲಸ. ಆದರೆ ಎರಡರಲ್ಲೂ ಮದ್ಯ ಇಲ್ಲವೇ ಇಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಮದ್ಯ ನೀರು ಇಂಗಿಸುತ್ತದೆ, ನೀರು ಇಂಗಿದರೆ ಕಾಯಿಲೆ ಹೆಚ್ಚುತ್ತದೆ, ಹಾಗಾಗಿ ಮದ್ಯದಿಂದ ಕಾಯಿಲೆ ಹೆಚ್ಚುತ್ತದೆ ಎಂಬುದು ತರ್ಕ. ತರ್ಕ ಸರಿಯಿರಬಹುದು, ಆದರೂ ತರ್ಕವನ್ನು ಪುರಾವೆಯ ಜಾಗದಲ್ಲಿ ಕೂರಿಸಲಾಗದು.

ಮನುಷ್ಯರಲ್ಲಿ ನೇರ ಪುರಾವೆ ಸಿಗುವುದು ಯಾಕೆ ಕಷ್ಟ ಎಂಬುದಕ್ಕೂ ಲೆಕ್ಕವಿದೆ. ಮೋಜಿಗೆ ಮುಳುಗುವವರಲ್ಲಿ ಈ ಕಾಯಿಲೆ ಸಾಮಾನ್ಯವಾಗಿ 10,000 ಮುಳುಗಿಗೆ 2ರಿಂದ 4 ಎಂದು ಹೇಳುತ್ತಾರೆ. 10,000ಕ್ಕೆ 3 ಇದ್ದದ್ದು ಕುಡಿತದಿಂದ 6 ಆಗುತ್ತದೆ ಎಂದೇ ಇಟ್ಟುಕೊಳ್ಳೋಣ. ಆ ವ್ಯತ್ಯಾಸ ಆಕಸ್ಮಿಕವಲ್ಲ ಎಂದು ನಂಬಿಕೆಯಿಂದ ಹೇಳಬೇಕಾದರೆ ಕುಡಿದವರದ್ದು ಸುಮಾರು 80 ಸಾವಿರ, ಕುಡಿಯದವರದ್ದು ಅಷ್ಟೇ ಮುಳುಗುಗಳನ್ನು ದಾಖಲಿಸಬೇಕಾಗುತ್ತದೆ. ಕುಡಿದು ಇಳಿದವನು ಅದನ್ನು ಒಪ್ಪಿಕೊಳ್ಳಲೂ ಬೇಕು. ಇಷ್ಟೆಲ್ಲ ಆದರೂ ಕುಡಿದವನು ನಿದ್ದೆಯನ್ನೂ ಕೆಡಿಸಿಕೊಂಡಿರುತ್ತಾನೆ, ಅವಸರದಲ್ಲಿ ಮೇಲೆಯೂ ಬಂದಿರುತ್ತಾನೆ. ಯಾವುದರಿಂದ ಏನಾಯಿತು ಎಂದು ಬೇರ್ಪಡಿಸುವುದು ಸುಲಭವಲ್ಲ. ಆದ್ದರಿಂದ ಕುಡಿದರೆ ಬೆಂಡ್ಸ್ ಬರುವುದು ಖಚಿತ ಎನ್ನುವವರ ಕೈಯಲ್ಲಿ ಅಂಕಿಸಂಖ್ಯೆಯಿಲ್ಲ. ಏನೂ ಆಗುವುದಿಲ್ಲ ಎನ್ನುವವರ ಕೈಯಲ್ಲೂ ಇಲ್ಲ.

ಹಾಗಾದರೆ ಕುಡಿದರೂ ನಡೆಯುತ್ತದೆ ಎಂದೇ? ನನ್ನ ಉತ್ತರ ಖಡಾಖಂಡಿತ ಇಲ್ಲ. ಗುಳ್ಳೆಯ ದಾರಿ ಬಿಟ್ಟು ಬೇರೆ ದಾರಿಗಳಿಂದ ಬರುವ ಅಪಾಯಕ್ಕೆ ಪುರಾವೆ ಬೇಕಾದಷ್ಟಿದೆ.

ರಾತ್ರಿ ಕುಡಿದದ್ದು ಬೆಳಿಗ್ಗೆಗೆ ಇಳಿದಿರುತ್ತದೆ ಎಂಬ ನಂಬಿಕೆಯನ್ನೇ ತೆಗೆದುಕೊಳ್ಳಿ. 65 ಕಿಲೋ ತೂಕದ ಗಂಡಸು ಒಂದು ಕ್ವಾರ್ಟರ್ ಕುಡಿದರೆ ರಕ್ತದಲ್ಲಿ ಮದ್ಯಸಾರ 100 ಮಿಲಿಲೀಟರಿಗೆ 130–140 ಮಿಲಿಗ್ರಾಂವರೆಗೆ ಏರಬಹುದು. ಯಕೃತ್ತು ಅದನ್ನು ಇಳಿಸುವುದು ತಾಸಿಗೆ ಸುಮಾರು 15 ಮಿಲಿಗ್ರಾಂ ಲೆಕ್ಕದಲ್ಲಿ. ಪೂರ್ತಿ ಇಳಿಯಲು ಒಂಬತ್ತು ತಾಸು. ರಾತ್ರಿ ಹತ್ತಕ್ಕೆ ಶುರು ಮಾಡಿದವನಿಗೆ ಬೆಳಿಗ್ಗೆ ಏಳಾಗುತ್ತದೆ, ಆ ಹೊತ್ತಿಗೆ ಬಂದರಿನಲ್ಲಿ ಹುಡುಗರು ದೋಣಿ ಹತ್ತುವ ತಯಾರಿಯಲ್ಲಿರುತ್ತಾರೆ. ಎರಡು ಕ್ವಾರ್ಟರ್ ಆಗಿದ್ದರೆ ಹದಿನೆಂಟು ತಾಸು, ಮರುದಿನ ಸಂಜೆ ನಾಲ್ಕು. ನಿಂಬೆಹಣ್ಣು, ಮಜ್ಜಿಗೆ, ತಣ್ಣೀರು ಸ್ನಾನ, ಕಡಕ್ ಚಹಾ ಯಾವುದೂ ಈ ಲೆಕ್ಕವನ್ನು ಒಂದು ತಾಸೂ ಹಿಂದೆ ತರುವುದಿಲ್ಲ. ನಮ್ಮ ದೇಶದಲ್ಲಿ ಗಾಡಿ ಓಡಿಸಲು ಕಾನೂನಿನ ಮಿತಿ 30 ಮಿಲಿಗ್ರಾಂ. ವಿಮಾನದ ಪೈಲಟ್ ಹಾರಾಟಕ್ಕೆ 12 ತಾಸು ಮೊದಲಿನಿಂದ ಮುಟ್ಟುವಂತಿಲ್ಲ, ಉಸಿರಿನಲ್ಲಿ ಸೊನ್ನೆ ಇರಬೇಕು. ಬೈಕು ಓಡಿಸಲೂ ಯೋಗ್ಯನಲ್ಲದವನು ಬಾಯಲ್ಲಿ ಸಿಲಿಂಡರಿನ ಗಾಳಿ ಕೊಡುವ ರೆಗ್ಯುಲೇಟರ್ ಕಚ್ಚಿ ಹತ್ತು ಮೀಟರ್ ಕೆಳಗೆ ಹೋಗುವುದು ಯಾವ ನ್ಯಾಯ?

ಕೆಳಗೆ ಹೋದ ಮೇಲೆ ಸಾರಜನಕಕ್ಕೂ ಅಮಲೇರಿಸುವ ಗುಣ ಬರುತ್ತದೆ. 30 ಮೀಟರ್ ದಾಟಿದರೆ ಅನುಭವಿಗಳಿಗೂ ತಲೆ ಮಂದವಾಗುತ್ತದೆ. ಕಾರಣ ಸಾರಜನಕವೇ ಎಂದು ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆನ್ಕೆ 1935ರಲ್ಲಿ ಹೇಳಿದರು. ನೇತ್ರಾಣಿಯಲ್ಲಿ ಹೊಸಬರನ್ನು ಅಷ್ಟು ಆಳಕ್ಕೆ ಒಯ್ಯುವುದಿಲ್ಲವಾದ್ದರಿಂದ ಅದನ್ನು ಇಲ್ಲಿ ಹಿಗ್ಗಿಸುವುದಿಲ್ಲ. ಹೊಸಬನ ಕಷ್ಟ ಬೇರೆಯದು. ಕಿವಿಯ ಒತ್ತಡ ಸರಿಮಾಡಿಕೊಳ್ಳಲು ಮೂಗು ಒತ್ತಿ ಊದಬೇಕು, ಕುಡಿದ ಮರುದಿನ ಮೂಗಿನ ಒಳಪೊರೆ ಊದಿಕೊಂಡಿದ್ದರೆ ಕಿವಿ ಬಿಡುವುದಿಲ್ಲ. ಮಾಸ್ಕಿನೊಳಗೆ ನೀರು ನುಗ್ಗಿದರೆ ಗಾಬರಿಯಾಗದೆ ಹೊರಗೆ ಊದಬೇಕು. ಹೊಟ್ಟೆ ತೊಳಸಿದರೆ ರೆಗ್ಯುಲೇಟರಿನೊಳಗೇ ವಾಂತಿ. ಗಾಬರಿ ಬಿದ್ದವನು ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮುತ್ತಾನೆ. ಬೆಂಡ್ಸಿಗಿಂತ ಘೋರವಾದದ್ದು ಆಗುವುದು ಅಲ್ಲಿ. ಮೇಲೆ ಬರುತ್ತ ಒತ್ತಡ ಇಳಿದಂತೆ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿದು, ಗಾಳಿ ನೇರ ರಕ್ತಕ್ಕೆ, ಅಲ್ಲಿಂದ ಮೆದುಳಿಗೆ ನುಗ್ಗಬಹುದು. ಅದಕ್ಕೆ ಕೆಲವೇ ಮೀಟರ್ ಆಳ ಸಾಕು. ಮೊದಲ ಸಲ ಇಳಿಯುವವನನ್ನು ಈ ಕಾರಣಕ್ಕೇ ಕುಡಿತದಿಂದ ದೂರ ಇಡಬೇಕು. ಅವನ ಪಾಲಿಗೆ ಸಾರಜನಕದ ಗುಳ್ಳೆ ಎರಡನೇ ಮಾತು.

ಇನ್ನು ಮುಳುಗಿ ಬಂದ ಮೇಲಿನ ಕುಡಿತ. ನೋಡಿದ್ದನ್ನು ಹೇಳಿಕೊಂಡು ನಗುವ ಹೊತ್ತು ಅದು, ಒಂದು ಬಿಯರ್ ತೆರೆದರೆ ತಪ್ಪೇನು ಎನಿಸುತ್ತದೆ. ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ಗಟ್ಟಿ ತಿರುಳು ಇಲ್ಲಿದೆ. ಅಮೆರಿಕದ ನೌಕಾಪಡೆಯ ಅನುಭವದಲ್ಲಿ ಈ ಕಾಯಿಲೆಯ ಲಕ್ಷಣ ಮೊದಲ ತಾಸಿನಲ್ಲೇ ಕಾಣಿಸುವುದು ನೂರರಲ್ಲಿ ಸುಮಾರು 42 ಜನರಿಗೆ, ಎಂಟು ತಾಸಿನೊಳಗೆ 83 ಜನರಿಗೆ, ಒಂದು ದಿನದೊಳಗೆ 98 ಜನರಿಗೆ. ಅಂದರೆ ಅರ್ಧಕ್ಕೂ ಹೆಚ್ಚು ಜನರಲ್ಲಿ ಅದು ಕಾಣಿಸುವ ಹೊತ್ತು ಮಧ್ಯಾಹ್ನದ ಊಟ, ಸಂಜೆಯ ಕೂಟ, ರಾತ್ರಿಯ ನಿದ್ದೆ. ಲಕ್ಷಣಗಳಾದರೂ ಏನು? ತಲೆಸುತ್ತು, ವಾಂತಿ, ನಡಿಗೆಯ ಓಲಾಟ, ವಿಪರೀತ ದಣಿವು, ಕೈಬೆರಳಿನ ಜೋಮು, ತೊದಲು. ಗೆಳೆಯರ ಕಣ್ಣಿಗೆ ಇವೆಲ್ಲ ಕುಡಿತದ ಲಕ್ಷಣಗಳೇ. “ಅಂವಗ ಏರೈತಿ, ಮಲಗಸ್ರಿ” ಎಂದು ಹೊದಿಕೆ ಹಾಕಿ ಬಿಡುತ್ತಾರೆ. ಆ ರಾತ್ರಿ ಅವನಿಗೆ ಬೇಕಾಗಿದ್ದದ್ದು ಆಮ್ಲಜನಕ. ಬೆಳಿಗ್ಗೆ ಅವನೂ ಹ್ಯಾಂಗೋವರ್ ಎಂದೇ ನಂಬುತ್ತಾನೆ. ಒಂದು ಬಿಯರು ಗುಳ್ಳೆ ಹುಟ್ಟಿಸುತ್ತದೋ ಇಲ್ಲವೋ, ಹುಟ್ಟಿದ ಗುಳ್ಳೆಯನ್ನು ಮುಚ್ಚಿಡುವ ಕೆಲಸವನ್ನಂತೂ ಮಾಡುತ್ತದೆ. ನೋವನ್ನೂ ಅದು ಮಂದ ಮಾಡುತ್ತದೆ. ಕೊನೆಯ ಮುಳುಗಿನ ಮೇಲೆ ಒಂದು ಬಿಯರ್ ಕುಡಿದು ಸುಖವಾಗಿದ್ದವರು ಸಾವಿರಾರು ಜನ ಇದ್ದಾರೆ, ಅದು ನಿಜ. ಅವರಿಗೆ ಆ ದಿನ ಕಾಯಿಲೆ ಬರಲಿಲ್ಲ, ಬಂದಿದ್ದರೆ ಗೊತ್ತಾಗುತ್ತಿತ್ತೇ ಎಂಬುದು ನನ್ನ ಪ್ರಶ್ನೆ.

ನಾಲ್ವರಲ್ಲಿ ಒಬ್ಬರಿಗೆ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ, ಹುಟ್ಟುವ ಮೊದಲು ಇದ್ದ ಕಿಂಡಿ ಪೂರ್ತಿ ಮುಚ್ಚಿರುವುದಿಲ್ಲ. ಅವರಿಗೆ ಅದು ಗೊತ್ತೂ ಇರುವುದಿಲ್ಲ. ಶ್ವಾಸಕೋಶದಲ್ಲಿ ಸೋಸಿಹೋಗಬೇಕಾದ ಗುಳ್ಳೆ ಆ ಕಿಂಡಿಯಿಂದ ಎಡಗಡೆಗೆ ದಾಟಿ ಮೆದುಳಿಗೆ ಹೋಗಬಹುದು. ಬಲವಾಗಿ ಕೆಮ್ಮಿದಾಗ, ಮುಕ್ಕಿದಾಗ, ವಾಂತಿ ಮಾಡಿಕೊಂಡಾಗ ಎದೆಯ ಒತ್ತಡ ಏರುಪೇರಾಗಿ ಕಿಂಡಿ ತೆರೆದುಕೊಳ್ಳುತ್ತದೆ. ಮುಳುಗಿ ಬಂದ ಮಧ್ಯಾಹ್ನ ಕುಡಿದು ವಾಂತಿ ಮಾಡಿಕೊಳ್ಳುವುದು ಅವರ ಮಟ್ಟಿಗೆ ಚೆಲ್ಲಾಟವಲ್ಲ.

ವಿಜಯಪುರದವರಿಗೆ ಇನ್ನೊಂದು ವಿಷಯ ಸೇರುತ್ತದೆ. ಮಂಗಳೂರಿನವರಿಗೋ ಕಾರವಾರದವರಿಗೋ ಇದರ ಚಿಂತೆಯಿಲ್ಲ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಗಾಳಿಯ ಒತ್ತಡ ಕಡಲತೀರಕ್ಕಿಂತ ನೂರಕ್ಕೆ ಏಳರಷ್ಟು ಕಡಿಮೆ. ಬೆಳಿಗ್ಗೆ ನೇತ್ರಾಣಿಯಲ್ಲಿ ಮುಳುಗಿ, ಮಧ್ಯಾಹ್ನ ಊಟ ಮಾಡಿ ಹೊರಟವನು ಅಂಕೋಲಾ ದಾಟಿ ಅರಬೈಲು ಘಟ್ಟ ಏರುತ್ತಾನೆ. ಯಲ್ಲಾಪುರ ಬರುವಷ್ಟರಲ್ಲಿ ಆ ಎತ್ತರದ ಬಹುಪಾಲು ಮುಗಿದಿರುತ್ತದೆ. ಮುಳುಗುಗಾರನ ಮೈಗೆ ಘಟ್ಟ ಹತ್ತುವುದೂ ಮೇಲಕ್ಕೆ ಬರುವುದೇ, ಉಳಿದ ಸಾರಜನಕಕ್ಕೆ ಹೊರಗಿನ ಒತ್ತಡ ಇನ್ನಷ್ಟು ಸಡಿಲವಾಗುತ್ತದೆ. ವಿಮಾನ ಹತ್ತುವವರಿಗೆ ಒಂದು ಸಾದಾ ಮುಳುಗಿನ ಮೇಲೆ ಕನಿಷ್ಠ 12 ತಾಸು, ಹಲವು ಮುಳುಗಾಗಿದ್ದರೆ 18 ತಾಸು ಕಾಯಲು ಹೇಳುತ್ತಾರೆ. ವಿಮಾನದ ಒಳಗಿನ ಒತ್ತಡ 1800ರಿಂದ 2400 ಮೀಟರ್ ಎತ್ತರದ್ದು, ನಮ್ಮ ಘಟ್ಟ ಅಷ್ಟಿಲ್ಲ. ಹತ್ತು ಮೀಟರಿನಲ್ಲಿ ಅರ್ಧ ತಾಸು ಇದ್ದು ಬಂದವನಿಗೆ ಘಟ್ಟದಿಂದ ಆಗುವ ತೊಂದರೆ ಬಹಳ ಕಡಿಮೆ. ಕೋರ್ಸಿಗೆ ಸೇರಿ ದಿನಕ್ಕೆ ಎರಡು ಮೂರು ಬಾರಿ, ಹದಿನೆಂಟು ಮೀಟರ್ ತನಕ ಇಳಿದವನ ಮಾತು ಬೇರೆ. ಅವನು ಆ ರಾತ್ರಿ ಕಡಲತೀರದಲ್ಲೇ ಮಲಗಿ ಬೆಳಿಗ್ಗೆ ಹೊರಡುವುದು ಒಳ್ಳೆಯದು. ದಾರಿಯಲ್ಲಿ ಧಾಬಾದಲ್ಲಿ ಕುಡಿದು ಹಿಂದಿನ ಸೀಟಿನಲ್ಲಿ ಮಲಗಿದವನ ಕಾಲು ಯಲ್ಲಾಪುರದ ಹತ್ತಿರ ಜೋಮು ಹಿಡಿದರೆ, ಅದು ಮನೆಯವರಿಗೆ ಗೊತ್ತಾಗುವುದು ವಿಜಯಪುರದಲ್ಲಿ ಗಾಡಿ ನಿಂತ ಮೇಲೆ.

ನಮ್ಮಲ್ಲೇ ಆಳಕ್ಕೆ ಇಳಿಯುವವರೂ ಇದ್ದಾರೆ. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಮುಳುಗಿನ ಕೋಷ್ಟಕಗಳ ಪ್ರಕಾರ 300 ಮೀಟರ್ ದಾಟಿದ ಎಲ್ಲ ನೀರೂ ಎತ್ತರದ ನೀರು, ಅಲ್ಲಿ ಲೆಕ್ಕ ತಿದ್ದಿಕೊಳ್ಳಬೇಕು. ಆಲಮಟ್ಟಿಯಲ್ಲಿ 20 ಮೀಟರ್ ಇಳಿದದ್ದು ಸಮುದ್ರದಲ್ಲಿ ಸುಮಾರು 20.8 ಮೀಟರ್ ಇಳಿದದ್ದಕ್ಕೆ ಸಮ. ವ್ಯತ್ಯಾಸ ಸಣ್ಣದು, ಆದರೆ ಗೇಟಿನ ಬುಡದಲ್ಲಿ ತಾಸುಗಟ್ಟಲೆ ದುಡಿಯುವವನಿಗೆ ಅದು ಕೂಡುತ್ತ ಹೋಗುತ್ತದೆ. ಅಂಥವನಿಗೆ ಹಿಂದಿನ ರಾತ್ರಿ ಏನು ಕುಡಿದೆ ಎಂದು ಕೇಳುವುದರ ಜೊತೆಗೆ, ಅವನ ಕೈಗೆ ಸರಿಯಾದ ಕೋಷ್ಟಕ ಕೊಟ್ಟಿದ್ದೀರಾ ಎಂದು ಕೆಲಸ ಕೊಟ್ಟವರನ್ನೂ ಕೇಳಬೇಕು.

ಬಾವಿಯ ಮಾತು ಬೇರೆ. ಸಿಲಿಂಡರ್ ಇಲ್ಲದೆ ಉಸಿರು ಕಟ್ಟಿ ಮುಳುಗುವವನಿಗೆ ಗುಳ್ಳೆಯ ಕಾಯಿಲೆ ಬರುವುದು ತೀರಾ ಅಪರೂಪ. ಮುತ್ತಿಗಾಗಿ ದಿನವಿಡೀ ಮತ್ತೆ ಮತ್ತೆ ಬಹಳ ಆಳಕ್ಕೆ ಇಳಿಯುವ ಪೆಸಿಫಿಕ್ ದ್ವೀಪದವರಲ್ಲಿ ಅದು ಕಂಡಿದೆ. ತಿಕೋಟಾದ ತೋಟದ ಬಾವಿಯಲ್ಲಿ ಕುಡಿತ ಕೊಲ್ಲುವುದು ಮುಳುಗಿಸಿ. ರಾಷ್ಟ್ರೀಯ ಅಪರಾಧ ದಾಖಲೆಗಳ ವರದಿಯಂತೆ 2022ರಲ್ಲಿ ದೇಶದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಕೃಷ್ಣೆಯ ನೀರನ್ನು ಎತ್ತಿ ತರುವ ತುಬಚಿ–ಬಬಲೇಶ್ವರ ಏತ ನೀರಾವರಿ ಬಂದ ಮೇಲೆ ಈ ಬರದ ಸೀಮೆಯ ಕೆರೆಗಳು ತುಂಬಿವೆ, ಬಾವಿಗಳ ನೀರು ಮೇಲೆ ಬಂದಿದೆ. ನಮ್ಮ ಪಾಲಿಗೆ ಅದು ಪುಣ್ಯದ ದಿನ. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಈಜು ಕಲಿಯುವ ಮಕ್ಕಳ ಗದ್ದಲ ಬೇಸಿಗೆಯಲ್ಲಿ ಮತ್ತೆ ಕೇಳುತ್ತಿದೆ. ಬಬಲೇಶ್ವರದ ಕಡೆಯ ಒಂದು ಬಾವಿಯ ದಂಡೆಯಲ್ಲಿ, ಊರ ಮಕ್ಕಳಿಗೆಲ್ಲ ಈಜು ಕಲಿಸಿದ ಹಿರಿಯರೊಬ್ಬರ ಮುಂದೆ ಅಂಗಿ ಬಿಚ್ಚಿ ನಿಂತ ಯುವಕ “ಕಾಕಾ, ಒಂದ ನೈಂಟಿ ಅಷ್ಟ ಹಾಕೇನಿ” ಎಂದದ್ದನ್ನು ಕೇಳಿದ್ದೇನೆ. “ನೈಂಟಿ ಇರಲಿ, ಮೂಸಿ ನೋಡಿದ್ದಷ್ಟ ಇರಲಿ, ಇವತ್ತ ದಂಡಿ ಮ್ಯಾಲ ಕುಂದ್ರು ತಮ್ಮಾ. ನೀರು ಎಲ್ಲೂ ಓಡಿ ಹೋಗಂಗಿಲ್ಲ” ಎಂದರು ಅವರು. ಹುಡುಗ ಕುಂತ. ಅವರ ಮಾತಿಗೆ ಇದ್ದ ತೂಕ ಯಾವ ಫಲಕಕ್ಕೂ ಬರುವುದಿಲ್ಲ. ಮುರ್ಡೇಶ್ವರದ ದೋಣಿಯಲ್ಲೂ ಅಂಥ ಒಬ್ಬ ಕಾಕಾ ಇರಬೇಕು ಎಂದು ನನಗೆ ಬಹಳ ಸಲ ಅನಿಸಿದೆ. ಹಣ ಕಟ್ಟಿ ಬಂದವನಿಗೆ ಇವತ್ತು ಬೇಡ ಎನ್ನಲು ಆತ ಹಿಂಜರಿಯಬಾರದು, ಕಟ್ಟಿದ ಹಣಕ್ಕೆ ಇನ್ನೊಂದು ದಿನ ಕೊಡುವ ಪದ್ಧತಿಯೂ ಬರಬೇಕು. ಹಣ ಹೋಗುತ್ತದೆ ಎಂಬ ಭಯವಿದ್ದಷ್ಟು ಕಾಲ ಹುಡುಗರು ನಿಜ ಹೇಳುವುದಿಲ್ಲ.

ನನ್ನ ಮಟ್ಟಿಗೆ ಲೆಕ್ಕ ಇಷ್ಟಕ್ಕೆ ನಿಲ್ಲುತ್ತದೆ: ದೋಣಿ ಹತ್ತುವ ಹಿಂದಿನ ಸಂಜೆಯಿಂದ ಮುಟ್ಟಬಾರದು, ಮೇಲೆ ಬಂದ ಮೇಲೆ ಮರುದಿನ ಅದೇ ಹೊತ್ತಿನವರೆಗೆ ಮುಟ್ಟಬಾರದು. ನೀರನ್ನು ಹಿಂದಿನ ದಿನದಿಂದಲೇ ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತ ಬರಬೇಕು. ದೋಣಿಯಲ್ಲಿ ಕೂತು ಒಮ್ಮೆಗೇ ಲೀಟರುಗಟ್ಟಲೆ ಸುರಿದುಕೊಂಡರೆ ಶ್ವಾಸಕೋಶಕ್ಕೆ ನೀರು ಇಳಿಯುವ ಬೇರೆ ತೊಂದರೆಯಿದೆ.

ಇಷ್ಟಾದ ಮೇಲೂ ಒಬ್ಬನಿಗೆ ಕಾಯಿಲೆ ಬಂತೆನ್ನಿ. ಅದು ಕಾಣಿಸಿಕೊಳ್ಳುವುದು ವಿಜಯಪುರದ ಯಾವುದೋ ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ಸೋಮವಾರ ಬೆಳಿಗ್ಗೆ, ಕಾಲು ಜೋಮು ಎಂದು ಬಂದ ಮೂವತ್ತರೊಳಗಿನ ಗಂಡಸಿನಲ್ಲಿ ಇರಬಹುದು. ಬಾಯಲ್ಲಿ ಮದ್ಯದ ವಾಸನೆಯೂ ಇರಬಹುದು. ಕಡಲಿಲ್ಲದ ಊರಿನ ವೈದ್ಯರಿಗೆ ಮುಳುಗಿನ ಕಾಯಿಲೆ ನೆನಪಾಗದಿದ್ದರೆ ಅದು ಅವರ ತಪ್ಪಲ್ಲ. ಆದ್ದರಿಂದ ರೋಗಿಯೋ ಜೊತೆಗೆ ಬಂದವರೋ ತಾವಾಗಿಯೇ ಹೇಳಬೇಕು: ಎಂದು ಇಳಿದದ್ದು, ಎಷ್ಟು ಆಳ, ಎಷ್ಟು ಸಲ, ಕೊನೆಗೆ ನೀರಿನಿಂದ ಹೊರಬಂದದ್ದು ಎಷ್ಟು ಹೊತ್ತಿಗೆ, ಕುಡಿದದ್ದು ಎಷ್ಟು ಹೊತ್ತಿಗೆ. ಕೂಡಲೇ ಆಗಬೇಕಾದದ್ದು ರೋಗಿಯನ್ನು ಮಲಗಿಸಿ ಮಾಸ್ಕಿನಿಂದ ಸಾಧ್ಯವಾದಷ್ಟು ಶುದ್ಧ ಆಮ್ಲಜನಕ, ಸಲಾಯಿನ್, ಮೂತ್ರ ಕಟ್ಟಿದೆಯೇ ಎಂಬ ಪರೀಕ್ಷೆ. ನಿಜವಾದ ಚಿಕಿತ್ಸೆ ಮತ್ತೆ ಒತ್ತಡಕ್ಕೆ ಒಯ್ಯುವುದೇ. 18 ಮೀಟರ್ ಆಳಕ್ಕೆ ಸಮನಾದ ಒತ್ತಡದ ಕೋಣೆಯಲ್ಲಿ ಆಮ್ಲಜನಕ ಉಸಿರಾಡುತ್ತ ಸುಮಾರು ಐದು ತಾಸು ಇರಬೇಕಾಗುತ್ತದೆ, ಒಮ್ಮೆ ಸಾಲದಿದ್ದರೆ ಮತ್ತೆ ಮತ್ತೆ. ಮುಂಬೈಯ ನೌಕಾಪಡೆಯ ಅಶ್ವಿನಿ ಆಸ್ಪತ್ರೆಗೆ ಈ ಕೆಲಸದ ದೀರ್ಘ ಅನುಭವವಿದೆ, ಬೆಂಗಳೂರಿನ ಕೆಲವು ಆಸ್ಪತ್ರೆಗಳಲ್ಲೂ ಒತ್ತಡದ ಆಮ್ಲಜನಕದ ಕೋಣೆಗಳಿವೆ. ಹೊರಡುವ ಮೊದಲು ಫೋನ್ ಮಾಡಿ ಆ ಕೋಣೆ ಇಂಥ ರೋಗಿಯನ್ನು ತೆಗೆದುಕೊಳ್ಳುತ್ತದೆಯೇ ಎಂದು ಖಚಿತ ಮಾಡಿಕೊಳ್ಳಬೇಕು, ಆಂಬುಲೆನ್ಸಿನಲ್ಲಿ ದಾರಿಯುದ್ದಕ್ಕೂ ಆಮ್ಲಜನಕ ನಿಲ್ಲದಷ್ಟು ಸಿಲಿಂಡರ್ ಇರಬೇಕು. ಒಂದು ದಿನ, ಎರಡು ದಿನ ತಡವಾಗಿ ಕೋಣೆ ಸೇರಿದವರಲ್ಲೂ ಎಷ್ಟೋ ಜನ ಸುಧಾರಿಸಿದ್ದಾರೆ. ಆದ್ದರಿಂದ ಹೊತ್ತು ಮೀರಿತು ಎಂದು ಯಾರೂ ರೋಗಿಯನ್ನು ಮನೆಗೆ ಕರೆದೊಯ್ಯಬಾರದು.